ಎಂ74ರ ಮೋಡ ಎಣಿಸಿದ ಐದು ತಿಂಗಳು

ಪಟ್ಟಿ ಕೊನೆಗೂ ಮುಗಿದಿದೆ. ಮೀನ ರಾಶಿಯ ದಿಕ್ಕಿನಲ್ಲಿರುವ ಎಂ74 ಗ್ಯಾಲಕ್ಸಿಯ ದೈತ್ಯ ಅಣುಮೋಡಗಳ ಪಟ್ಟಿ ಇದು. ಸಾಲಿಗೊಂದು ಮೋಡ, ಎದುರಿಗೆ ಅದರ ಸ್ಥಾನ, ವೇಗ, ಅಗಲ, ತೂಕ. ಮೂರು ವಾರದ ಕೆಲಸ ಎಂದುಕೊಂಡು ಹಿಡಿದದ್ದು ಐದು ತಿಂಗಳು ಎಳೆಯಿತು. ಅದರಲ್ಲಿ ನಾಲ್ಕು ತಿಂಗಳು ತಿಂದದ್ದು ಅಳತೆಯ ಮಾನಗಳ ಗೊಂದಲ, ವೇಗದ ಲೆಕ್ಕ, ಬೀಮ್‌ಗಳ (ದೂರದರ್ಶಕಕ್ಕೆ ಕಾಣುವ ಅತಿ ಸಣ್ಣ ಚುಕ್ಕೆಗಳ) ಹೊಂದಾಣಿಕೆ. ಗ್ಯಾಲಕ್ಸಿಯಲ್ಲಿ ಅನಿಲ ಹೇಗೆ ಒಟ್ಟಾಗಿ ಮೋಡವಾಗುತ್ತದೆ ಎಂದು ಸ್ವತಃ ಅಳೆದು ನೋಡಬೇಕೆನ್ನುವವರು ಈಗ ಬಹಳ ಮಂದಿ ಇದ್ದಾರೆ, ದತ್ತಾಂಶವೂ ಬಿಟ್ಟಿಯಾಗಿ ಸಿಗುತ್ತದೆ. ಅವರು ಅದೇ ಗುಂಡಿಗಳಿಗೆ ಬೀಳದಿರಲಿ ಎಂದು ಇದನ್ನು ಬರೆದಿಡುತ್ತಿದ್ದೇವೆ.

ಮೊದಲು ಹುಡುಕುವ ವಸ್ತು ಯಾವುದೆಂಬುದು ಸ್ಪಷ್ಟವಿರಬೇಕು. ದೈತ್ಯ ಅಣುಮೋಡ ಎಂದರೆ ಹತ್ತಾರು ಪಾರ್ಸೆಕ್ ಅಗಲಕ್ಕೆ ಹರಡಿದ, ಹತ್ತು ಸಾವಿರದಿಂದ ಕೆಲವು ದಶಲಕ್ಷ ಸೂರ್ಯರಷ್ಟು ತೂಗುವ, 10ರಿಂದ 20 ಕೆಲ್ವಿನ್ ಚಳಿಯಲ್ಲಿರುವ ಜಲಜನಕ. ಒಂದು ಪಾರ್ಸೆಕ್ ಎಂದರೆ 3.26 ಜ್ಯೋತಿರ್ವರ್ಷ. ಇಷ್ಟು ದೊಡ್ಡ ಮೋಡದ ಮುಖ್ಯ ಸರಕಾದ ಜಲಜನಕ ಅಣು ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ. ಎರಡೂ ಕಡೆ ಒಂದೇ ಪರಮಾಣು ಇರುವ ಈ ಅಣು ರೇಡಿಯೊ ಅಲೆ ಹೊಮ್ಮಿಸುವುದಿಲ್ಲ. ಅದರ ಅತಿ ಕೆಳಗಿನ ರೇಖೆ (ಅಣು ಹೊಮ್ಮಿಸುವ ನಿರ್ದಿಷ್ಟ ಅಲೆ) 28 ಮೈಕ್ರಾನ್‌ನಲ್ಲಿದ್ದು, ಅದನ್ನು ಎಬ್ಬಿಸಲು 510 ಕೆಲ್ವಿನ್‌ನಷ್ಟು ಶಕ್ತಿ ಬೇಕು. ಆದ್ದರಿಂದ ಅದರ ಜೊತೆಗೇ ಇರುವ ಕಾರ್ಬನ್ ಮೊನಾಕ್ಸೈಡನ್ನು ನೋಡಿ, ಜಲಜನಕ ಎಷ್ಟಿರಬೇಕೆಂದು ಅಂದಾಜು ಮಾಡುತ್ತೇವೆ. ವಿಲ್ಸನ್, ಜೆಫರ್ಟ್ಸ್, ಪೆಂಜಿಯಸ್ ಮೂವರೂ 1970ರಲ್ಲಿ ಕಿಟ್ ಪೀಕ್‌ನ 36 ಅಡಿ ಡಿಶ್ಶನ್ನು ಓರಿಯನ್ ಕಡೆ ತಿರುಗಿಸಿ ಇದರ 115.27 ಗಿಗಾಹರ್ಟ್ಸ್ ರೇಖೆ ಹಿಡಿದಂದಿನಿಂದ ಈ ದಾರಿಯೇ ನಡೆದು ಬಂದಿದೆ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ನಿಮ್ಮ ಪಟ್ಟಿಯಲ್ಲಿರುವುದು ಮೊನಾಕ್ಸೈಡ್ ಮೋಡಗಳು. ಜಲಜನಕದ ಅಣುವಿಗೆ ನಕ್ಷತ್ರಗಳ ಅತಿನೇರಳೆ ಬೆಳಕಿನಿಂದ ತನ್ನನ್ನು ತಾನೇ ಮರೆಮಾಡಿಕೊಳ್ಳುವ ತಾಕತ್ತಿದೆ, ಮೊನಾಕ್ಸೈಡಿಗೆ ಅಷ್ಟಿಲ್ಲ. ಅದಕ್ಕೆ ಧೂಳಿನ ದಪ್ಪ ಹೊದಿಕೆ ಬೇಕು. ಹಾಗಾಗಿ ಮೋಡದ ಹೊರಮೈಯಲ್ಲಿ ಅಣುರೂಪದ ಜಲಜನಕ ಇದ್ದರೂ ಮೊನಾಕ್ಸೈಡ್ ಇರದ ಒಂದು ಪದರ ಇದ್ದೇ ಇರುತ್ತದೆ. ಮೋಡ ಎಳೆಯದಾದಷ್ಟೂ, ಧೂಳು ಕಡಿಮೆಯಾದಷ್ಟೂ ಆ ಪದರ ದಪ್ಪ. ಮೋಡದ ಹುಟ್ಟನ್ನು ಹುಡುಕುವವರ ಪಾಲಿಗೆ ಇದು ಕೆಟ್ಟ ಸುದ್ದಿ, ಏಕೆಂದರೆ ಕಾಣದೆ ಉಳಿಯುವುದು ಆ ಮೊದಲ ಅಧ್ಯಾಯವೇ.

ಎಂ74 ಆರಿಸಿದ್ದಕ್ಕೆ ಕಾರಣ ಸರಳ. ಅದು ಮುಖ ತೋರಿಸಿ ಕೂತ ಗ್ಯಾಲಕ್ಸಿ, ವಾಲಿಕೆ ಸುಮಾರು 9 ಡಿಗ್ರಿ ಅಷ್ಟೆ. ಮೋಡದ ಹಿಂದೆ ಮೋಡ ಅಡಗುವ ಕಾಟ ಕಡಿಮೆ. ದೂರ ಸುಮಾರು 98 ಲಕ್ಷ ಪಾರ್ಸೆಕ್, ಅಂದರೆ 3.2 ಕೋಟಿ ಜ್ಯೋತಿರ್ವರ್ಷ. ಆ ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ) ಎಂದರೆ 48 ಪಾರ್ಸೆಕ್. ಈ ದೂರವನ್ನು ಎಲ್ಲಿಂದ ತಗೊಂಡಿರೆಂದು ಮೊದಲ ದಿನವೇ ಬರೆದಿಡಿ. ಮೋಡದ ಅಗಲ ದೂರದ ಅನುಪಾತದಲ್ಲಿ, ತೂಕ ದೂರದ ವರ್ಗದ ಅನುಪಾತದಲ್ಲಿ ಬದಲಾಗುತ್ತದೆ. ಹಳೆಯ ಲೇಖನಗಳಲ್ಲಿ ಎಂ74ಕ್ಕೆ ಬೇರೆ ಬೇರೆ ದೂರ ಹಿಡಿದಿದ್ದಾರೆ, ಅಲ್ಲಿಯ ತೂಕವನ್ನು ನೇರವಾಗಿ ಪಕ್ಕದಲ್ಲಿಟ್ಟು ಹೋಲಿಸಿದರೆ ಲೆಕ್ಕ ತಪ್ಪಿದಂತೆಯೇ.

ಮೊನಾಕ್ಸೈಡ್ ದತ್ತಾಂಶ ಸಿಗುವುದು ಚಿಲಿಯ ಅಟಕಾಮಾ ಮರುಭೂಮಿಯ ಆಲ್ಮಾ ರೇಡಿಯೊ ದೂರದರ್ಶಕದಿಂದ. ಸುಮಾರು 5,000 ಮೀಟರ್ ಎತ್ತರದಲ್ಲಿ 66 ಆಂಟೆನಾ. ಆ ಎತ್ತರ ಬೇಕಾಗುವುದು ನೀರಾವಿಗೆ ಹೆದರಿ. ಮಿಲಿಮೀಟರ್ ಅಲೆಗಳನ್ನು ಗಾಳಿಯ ತೇವ ನುಂಗಿಬಿಡುತ್ತದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಆವರಣದಲ್ಲೂ ಮಿಲಿಮೀಟರ್ ಅಲೆಗೆಂದೇ 10.4 ಮೀಟರಿನ ಡಿಶ್ ಕಟ್ಟಿದ್ದರು. 900 ಮೀಟರ್ ಎತ್ತರದ, ಮಳೆಗಾಲವಿರುವ ಊರಿನಲ್ಲಿ ಅದರ ಪಾಡು ಊಹಿಸಿಕೊಳ್ಳಿ. ಆಲ್ಮಾದಲ್ಲಿ ಯಾರೇ ನೋಡಿದರೂ ಸಾಮಾನ್ಯವಾಗಿ ಹನ್ನೆರಡು ತಿಂಗಳಾದ ಮೇಲೆ ದತ್ತಾಂಶ ಎಲ್ಲರಿಗೂ ತೆರೆಯುತ್ತದೆ. ಫ್ಯಾಂಗ್ಸ್ ಎಂಬ ತಂಡ ಹತ್ತಿರದ 90 ಗ್ಯಾಲಕ್ಸಿಗಳನ್ನು 230.5 ಗಿಗಾಹರ್ಟ್ಸ್ ರೇಖೆಯಲ್ಲಿ ನೋಡಿ, ಸಿದ್ಧ ಕ್ಯೂಬ್‌ಗಳನ್ನೇ ಹೊರಗಿಟ್ಟಿದೆ. ಆಕಾಶದ ಎರಡು ದಿಕ್ಕು, ಮೂರನೆಯದಾಗಿ ವೇಗ, ಹೀಗಾಗಿ ಅದು ಕ್ಯೂಬ್.

ಕಚ್ಚಾ ದತ್ತಾಂಶ ಇಳಿಸುವ ಗೋಜಿಗೆ ಹೋಗಬೇಡಿ. ಹೋದವರು ಡಿಸ್ಕ್ ತುಂಬಿಸಿಕೊಂಡದ್ದೇ ಬಂತು. ಸಿದ್ಧ ಕ್ಯೂಬ್ ಸಾಕು, ಆದರೆ ಸರಿಯಾದದ್ದನ್ನು ಆರಿಸಬೇಕು. ಫೈಲಿನ ಹೆಸರಿನಲ್ಲಿ 12ಎಂ, 7ಎಂ, ಟಿಪಿ ಮೂರೂ ಇರುವುದನ್ನೇ ತಗೊಳ್ಳಿ. ಮೊದಲೆರಡು ಬೇರೆ ಬೇರೆ ಅಳತೆಯ ಆಂಟೆನಾಗಳ ಜೋಡಣೆ, ಮೂರನೆಯದು ಒಂಟಿ ಡಿಶ್‌ಗಳಲ್ಲಿ ಅಳೆದ ಒಟ್ಟು ಶಕ್ತಿ. ಆಂಟೆನಾಗಳ ಜೋಡಣೆಗೆ ಹರಡಿಕೊಂಡ ನಸು ಹೊಳಪು ಕಾಣುವುದಿಲ್ಲ. ಟಿಪಿ ಇಲ್ಲದ ಕ್ಯೂಬ್‌ನಲ್ಲಿ ಮೋಡಗಳು ಚೂಪಾಗಿ, ಅಂದವಾಗಿ, ಒಂದರಿಂದೊಂದು ಬೇರೆಯಾಗಿ ಕಾಣುತ್ತವೆ. ಆ ಅಂದ ಬರುವುದೇ ನಡುವಿನ ಅನಿಲ ಕಳೆದುಹೋದದ್ದರಿಂದ. ಸುತ್ತಲ ತೆಳು ಅನಿಲದಿಂದ ಮೋಡ ಬೆಳೆಯುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಇರುವುದು ಆ ಕಳೆದುಹೋದ ಭಾಗದಲ್ಲೇ.

ಜೊತೆಗೆ ಸ್ಟ್ರಿಕ್ಟ್, ಬ್ರಾಡ್ ಎಂಬ ಎರಡು ಬಗೆಯ ಮಾಸ್ಕ್ (ಕ್ಯೂಬ್‌ನ ಯಾವ ಭಾಗ ಲೆಕ್ಕಕ್ಕೆ ಎಂದು ಗುರುತಿಸುವ ಜರಡಿ) ಬರುತ್ತವೆ. ಇದು ಖಂಡಿತ ಅನಿಲ ಎಂಬಂಥದ್ದಷ್ಟೇ ಸ್ಟ್ರಿಕ್ಟ್‌ನಲ್ಲಿ, ಅನಿಲ ಇರಬಹುದಾದ್ದೆಲ್ಲವೂ ಬ್ರಾಡ್‌ನಲ್ಲಿ. ಮೋಡ ಕತ್ತರಿಸಲು ಮೊದಲನೆಯದು, ಗ್ಯಾಲಕ್ಸಿಯ ಒಟ್ಟು ತೂಕಕ್ಕೆ ಎರಡನೆಯದು. ಇವನ್ನು ಅದಲುಬದಲು ಮಾಡಿಕೊಂಡರೆ ಒಂದೂ ಹೊಂದುವುದಿಲ್ಲ.

ಇಷ್ಟಕ್ಕೆ ಎರಡು ವಾರ. ಆಮೇಲೆ ಪರಮಾಣು ರೂಪದ ಜಲಜನಕ ಬೇಕಾಯಿತು, ಅಲ್ಲಿಂದ ಪೀಕಲಾಟ ಶುರು.

ಅದು ಏಕೆ ಬೇಕೆಂದರೆ, ಮೋಡದ ಕಚ್ಚಾ ಸರಕೇ ಅದು. 2003ರಲ್ಲಿ ಬಿಮಾ ದೂರದರ್ಶಕದಿಂದ ಎಂ33 ಗ್ಯಾಲಕ್ಸಿಯಲ್ಲಿ 148 ಅಣುಮೋಡ ಗುರುತಿಸಿದಾಗ ಅವು ಪರಮಾಣು ಜಲಜನಕದ ಎಳೆಗಳ ಮೇಲೇ ಕೂತಿದ್ದವು. ಎಳೆ ಇದ್ದಲ್ಲೆಲ್ಲ ಮೋಡ ಇರಲಿಲ್ಲ, ಆದರೆ ಮೋಡ ಇದ್ದಲ್ಲಿ ಎಳೆ ಇತ್ತು. ಅಂದರೆ ಮೊದಲು ಬರುವುದು ಎಳೆ. ಗ್ಯಾಲಕ್ಸಿಯ ತಟ್ಟೆಯಲ್ಲಿ ಪರಮಾಣು ಜಲಜನಕ ಚದರ ಪಾರ್ಸೆಕ್‌ಗೆ ಸುಮಾರು 10 ಸೂರ್ಯರಷ್ಟು ತೂಕಕ್ಕೆ ಬಂದು ನಿಂತುಬಿಡುತ್ತದೆ. ಅದಕ್ಕಿಂತ ಹೆಚ್ಚು ಸೇರಿದರೆ ಒಳಗಿನದು ನೆರಳಿಗೆ ಬಿದ್ದು ತಣ್ಣಗಾಗಿ, ಧೂಳಿನ ಕಣಗಳ ಮೇಲೆ ಜೋಡಿಯಾಗಿ ಅಣುವಾಗುತ್ತದೆ. ಆ ಜೋಡಿಯಾಟಕ್ಕೆ ಹಿಡಿಯುವ ಕಾಲ ಸಾಂದ್ರತೆಯ ಮೇಲಿದೆ. ಘನ ಸೆಂಟಿಮೀಟರಿಗೆ 100 ಕಣ ಇದ್ದರೆ ಸುಮಾರು ಒಂದು ಕೋಟಿ ವರ್ಷ, 1,000 ಇದ್ದರೆ ಹತ್ತು ಲಕ್ಷ.

ಎಂ74ಕ್ಕೆ ಪರಮಾಣು ಜಲಜನಕದ ಒಳ್ಳೆಯ ನಕ್ಷೆ ಥಿಂಗ್ಸ್ ಸರ್ವೆಯದು. ಅಮೆರಿಕದ ವಿಎಲ್‌ಎ ರೇಡಿಯೊ ದೂರದರ್ಶಕದಲ್ಲಿ 34 ಗ್ಯಾಲಕ್ಸಿಗಳನ್ನು ಪರಮಾಣು ಜಲಜನಕದ ರೇಖೆಯಾದ 21 ಸೆಂಟಿಮೀಟರಿನಲ್ಲಿ ನೋಡಿದ್ದು. ಇಲ್ಲಿ ಮೂರು ತೊಡಕು.

ಮೊದಲನೆಯದು ಮಾನ. ಮೊನಾಕ್ಸೈಡ್ ಕ್ಯೂಬ್ ಕೆಲ್ವಿನ್‌ನಲ್ಲಿದೆ, ಥಿಂಗ್ಸ್‌ನದು ಬೀಮ್‌ಗಿಷ್ಟು ಜಾನ್ಸ್ಕಿ (ಬಂದು ಸೇರುವ ರೇಡಿಯೊ ಶಕ್ತಿಯ ಮಾನ) ಎಂದಿದೆ. 21 ಸೆಂಟಿಮೀಟರಿಗೆ 6.07 ಲಕ್ಷವನ್ನು ಬೀಮ್‌ನ ಉದ್ದಗಲಗಳ ಗುಣಲಬ್ಧದಿಂದ, ಆರ್ಕ್‌ಸೆಕೆಂಡ್ ಲೆಕ್ಕದಲ್ಲಿ, ಭಾಗಿಸಿದರೆ ಒಂದು ಜಾನ್ಸ್ಕಿಗೆ ಎಷ್ಟು ಕೆಲ್ವಿನ್ ಎಂದು ಸಿಗುತ್ತದೆ. 6.8ಕ್ಕೆ 5.6ರ ಬೀಮ್‌ಗೆ ಒಂದು ಮಿಲಿಜಾನ್ಸ್ಕಿ ಎಂದರೆ 16 ಕೆಲ್ವಿನ್. ಆಮೇಲೆ ವೇಗದುದ್ದಕ್ಕೂ ಕೂಡಿಸಿ, ಬಂದ ಕೆಲ್ವಿನ್-ಕಿ.ಮೀ./ಸೆಕೆಂಡನ್ನು 0.02ರಿಂದ ಗುಣಿಸಿದರೆ ಹೀಲಿಯಂ ಸೇರಿ ಚದರ ಪಾರ್ಸೆಕ್‌ಗೆ ಎಷ್ಟು ಸೂರ್ಯರಷ್ಟು ತೂಕ ಎಂಬುದು. ನಿಮ್ಮ ನಕ್ಷೆ 10ರ ಆಸುಪಾಸಿನಲ್ಲಿ ತಡೆಯದೆ 60, 70ಕ್ಕೆ ಏರಿದರೆ ಈ ಹಂತದಲ್ಲೇ ಎಡವಿದ್ದೀರಿ.

ಎರಡನೆಯದು ಬೀಮ್. ಮೊನಾಕ್ಸೈಡ್ ನಕ್ಷೆಯಲ್ಲಿ ಕಾಣುವ ಅತಿ ಸಣ್ಣ ಚುಕ್ಕೆ 1.1 ಆರ್ಕ್‌ಸೆಕೆಂಡ್, 53 ಪಾರ್ಸೆಕ್. ಜಲಜನಕದ್ದು ಸುಮಾರು 300 ಪಾರ್ಸೆಕ್. ಒಂದು ಜಲಜನಕ ಚುಕ್ಕೆಯೊಳಗೆ ಮೊನಾಕ್ಸೈಡಿನ ಮೂವತ್ತು ಚುಕ್ಕೆ ಹಿಡಿಯುತ್ತವೆ. ಹೋಲಿಸುವಾಗ ಮೊನಾಕ್ಸೈಡನ್ನೇ ಮಸುಕು ಮಾಡಿ 300ಕ್ಕೆ ತರಬೇಕು, ಬೇರೆ ದಾರಿಯಿಲ್ಲ. ಮೊದಲು ಮಸುಕು ಮಾಡಿ, ಆಮೇಲೆ ಹೊಸ ಗ್ರಿಡ್‌ಗೆ ಕೂರಿಸಿ. ತಿರುಗಾಮುರುಗಾ ಮಾಡಿದರೆ ಹೊಳಪು ಸೋರಿಹೋಗುತ್ತದೆ.

ಮೂರನೆಯದು ವೇಗ, ಅತಿ ಹೆಚ್ಚು ದಿನ ಹಾಳಾದದ್ದು ಇದರಲ್ಲೇ. ಎರಡು ಕ್ಯೂಬ್ ಪಕ್ಕದಲ್ಲಿಟ್ಟಾಗ ಮೊನಾಕ್ಸೈಡ್ ರೇಖೆಯ ಶಿಖರ ಗ್ಯಾಲಕ್ಸಿಯ ಉದ್ದಗಲಕ್ಕೂ ಜಲಜನಕದ ಶಿಖರದಿಂದ ಒಂದೇ ಕಡೆಗೆ ಸರಿದಿತ್ತು. ಸುತ್ತಲ ಜಲಜನಕ ಮೋಡಗಳ ಮೇಲೆ ಸುರಿಯುತ್ತಿದೆ, ಮೋಡ ಬೆಳೆಯುವುದನ್ನು ಕಣ್ಣಾರೆ ಹಿಡಿದೆವು ಎಂದೇ ಸಂಭ್ರಮ. ಎರಡು ವಾರ ಅದರ ಮೇಲೆ ಚಿತ್ರ ಬರೆದದ್ದೂ ಆಯಿತು. ಕೊನೆಗೆ ಹೆಡರ್ (ಫೈಲಿನ ತಲೆಯಲ್ಲಿರುವ ವಿವರ) ತೆರೆದು ಓದಿದರೆ, ಒಂದರಲ್ಲಿ ವೇಗ ಸೂರ್ಯನ ಲೆಕ್ಕದಲ್ಲಿದೆ, ಇನ್ನೊಂದರಲ್ಲಿ ಸೂರ್ಯನ ನೆರೆಯ ನಕ್ಷತ್ರಗಳ ಸರಾಸರಿ ಚಲನೆಯ ಲೆಕ್ಕದಲ್ಲಿ. ಎಂ74ರ ದಿಕ್ಕಿನಲ್ಲಿ ಈ ಎರಡರ ವ್ಯತ್ಯಾಸ ಸೆಕೆಂಡಿಗೆ ಸುಮಾರು 4 ಕಿ.ಮೀ. ಇದರ ಮೇಲೆ ರೇಡಿಯೊ ರೀತಿ, ಬೆಳಕಿನ ರೀತಿ ಎಂದು ವೇಗ ಬರೆಯುವ ಎರಡು ಪದ್ಧತಿಗಳಿವೆ, 657 ಕಿ.ಮೀ. ವೇಗದ ಈ ಗ್ಯಾಲಕ್ಸಿಗೆ ಅವುಗಳ ನಡುವೆ 1.4 ಕಿ.ಮೀ. ಅಂತರ. ಮೊನಾಕ್ಸೈಡಿನ ಒಂದು ಚಾನೆಲ್ (ಕ್ಯೂಬ್‌ನ ಒಂದು ವೇಗದ ಪದರ) ಅಗಲವೇ 2.5 ಕಿ.ಮೀ. ಎಂದಮೇಲೆ ಇದು ಸಣ್ಣ ತಪ್ಪಲ್ಲ. ಇಡೀ ಗ್ಯಾಲಕ್ಸಿಯಲ್ಲಿ ಒಂದೇ ಅಳತೆಯಲ್ಲಿ, ಒಂದೇ ಕಡೆಗೆ ಸರಿದ ಯಾವುದನ್ನೂ ಭೌತಶಾಸ್ತ್ರ ಎಂದು ನಂಬಬೇಡಿ. ಹೆಡರ್ ಓದುವುದು ಬೇಜಾರಿನ ಕೆಲಸ, ಆದರೂ ಅದನ್ನು ಮೊದಲು ಮಾಡಿ.

300 ಪಾರ್ಸೆಕ್‌ನ ಮಸುಕು ಕಂಡು ಬೇಸತ್ತು, ನಾರಾಯಣಗಾಂವ್ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕಕ್ಕೇ ಅರ್ಜಿ ಹಾಕಿಬಿಡೋಣ ಎಂಬ ಆಸೆ ಹುಟ್ಟುತ್ತದೆ. 45 ಮೀಟರಿನ 30 ಡಿಶ್, 25 ಕಿ.ಮೀ.ವರೆಗಿನ ಹರವು, 21 ಸೆಂಟಿಮೀಟರಿನಲ್ಲಿ 2 ಆರ್ಕ್‌ಸೆಕೆಂಡ್‌ನಷ್ಟು ಚುರುಕು ದೃಷ್ಟಿ. ಅದರ ಮೊದಲ 21 ಸೆಂಟಿಮೀಟರ್ ರಿಸೀವರ್‌ಗಳು ತಯಾರಾದದ್ದು ರಾಮನ್ ಸಂಸ್ಥೆಯಲ್ಲೇ. ವರ್ಷಕ್ಕೆ ಎರಡು ಬಾರಿ ಅರ್ಜಿ ಕರೆಯುತ್ತಾರೆ. ಅರ್ಜಿ ಅರ್ಧ ಬರೆದಾದ ಮೇಲೆ ಆ 6.07 ಲಕ್ಷದ ಲೆಕ್ಕವನ್ನು ಇದಕ್ಕೂ ಹಾಕಿ ನೋಡಿದೆವು. 2ಕ್ಕೆ 2ರ ಬೀಮ್‌ನಲ್ಲಿ ಒಂದು ಮಿಲಿಜಾನ್ಸ್ಕಿ ಎಂದರೆ 152 ಕೆಲ್ವಿನ್. ಪ್ರತಿ ಚಾನೆಲ್‌ನ ಗದ್ದಲ (ಅಳತೆಯಲ್ಲಿ ತಾನಾಗಿ ಬರುವ ಏರಿಳಿತ) ಅರ್ಧ ಮಿಲಿಜಾನ್ಸ್ಕಿಗೆ ಇಳಿದರೂ 76 ಕೆಲ್ವಿನ್ ಆಯಿತು. ಹುಡುಕುತ್ತಿರುವ ತೆಳು ಜಲಜನಕದ ಹೊಳಪು ಅದಕ್ಕಿಂತ ಕಡಿಮೆ. ಆಂಟೆನಾ ದೂರವಾದಷ್ಟೂ ಹರಡಿಕೊಂಡ ಅನಿಲ ಕಾಣದಾಗುವುದು ಇದೇ ಕಾರಣಕ್ಕೆ. ಅರ್ಜಿ ಅಲ್ಲೇ ನಿಂತಿತು. ಹಾಕುವವರು ಈ ಒಂದು ಭಾಗಾಕಾರವನ್ನು ಮೊದಲ ಸಂಜೆಯೇ ಮಾಡಿದರೆ ಒಂದು ತಿಂಗಳು ಉಳಿಯುತ್ತದೆ.

ಇನ್ನು ಮೋಡ ಕತ್ತರಿಸುವುದು. ನಕ್ಷೆಯಲ್ಲಿ ಯಾವ ಮೋಡಕ್ಕೂ ಬೇಲಿ ಇರುವುದಿಲ್ಲ. ಎರಡು ಪಕ್ಕದ ಚಾನೆಲ್‌ಗಳಲ್ಲಿ ಗದ್ದಲದ ನಾಲ್ಕು ಪಟ್ಟು ಮೀರಿದ್ದನ್ನು ಹಿಡಿದು, ಎರಡು ಪಟ್ಟಿನವರೆಗೆ ಹಿಗ್ಗಿಸಿ, ಅದರೊಳಗಿನ ಶಿಖರಗಳನ್ನು ಬೇರೆ ಮಾಡಬೇಕು. ಎರಡು ಶಿಖರಗಳ ನಡುವಿನ ಕಣಿವೆ ಗದ್ದಲದ ಎರಡು ಪಟ್ಟಿನಷ್ಟಾದರೂ ಆಳವಿರಲಿ, ಅಂತರ ಒಂದು ಬೀಮ್‌ಗಿಂತ ಹೆಚ್ಚಿರಲಿ. ಈ ಅಂಕಿ ಸ್ವಲ್ಪ ಅಲುಗಿಸಿದರೂ ಮೋಡಗಳ ಸಂಖ್ಯೆ ಬದಲಾಗುತ್ತದೆ; ಅದರಲ್ಲಿ ಗಾಬರಿಯಾಗುವಂಥದ್ದೇನಿಲ್ಲ. ಫ್ಯಾಂಗ್ಸ್ ತಂಡದವರು 2021ರಲ್ಲಿ ಹತ್ತು ಗ್ಯಾಲಕ್ಸಿಗಳಿಂದ 4,986 ಮೋಡಗಳ ಪಟ್ಟಿ ಕೊಟ್ಟಾಗ ಎಲ್ಲ ಕ್ಯೂಬ್‌ಗಳನ್ನೂ ಮೊದಲು 90 ಪಾರ್ಸೆಕ್‌ನ ಒಂದೇ ಮಸುಕಿಗೆ ತಂದುಕೊಂಡರು, ಗದ್ದಲವನ್ನೂ ಸಮ ಮಾಡಿಕೊಂಡರು. ಹಾಗೆ ಮಾಡದೆ ಎರಡು ಗ್ಯಾಲಕ್ಸಿ ಹೋಲಿಸಿದರೆ, ಹತ್ತಿರದ್ದರಲ್ಲಿ ಸಣ್ಣ ಮೋಡ, ದೂರದ್ದರಲ್ಲಿ ದೊಡ್ಡ ಮೋಡ ಎಂಬ ಮಹಾ ಸಂಶೋಧನೆ ಕೈಸೇರುತ್ತದೆ! ಕ್ಯೂಬ್‌ನ ಅಂಚಿನಲ್ಲಿ ಗದ್ದಲ ಏರುವುದನ್ನೂ ಮರೆಯಬೇಡಿ, ಇಡೀ ನಕ್ಷೆಗೆ ಒಂದೇ ಗದ್ದಲದ ಅಂಕಿ ಕೊಟ್ಟರೆ ಅಂಚಿನ ತುಂಬ ಸುಳ್ಳು ಮೋಡ. ಗೊತ್ತಿರುವ ತೂಕದ ನಕಲಿ ಮೋಡಗಳನ್ನು ಖಾಲಿ ಜಾಗದಲ್ಲಿ ಇಟ್ಟು, ಅವುಗಳಲ್ಲಿ ಎಷ್ಟು ವಾಪಸು ಸಿಗುತ್ತವೆ ಎಂದು ನೋಡುವುದಕ್ಕೆ ಒಂದು ವಾರ ಮೀಸಲಿಡಿ. ಯಾವ ತೂಕಕ್ಕಿಂತ ಕೆಳಗೆ ನಿಮ್ಮ ಪಟ್ಟಿಯನ್ನು ನಂಬಬಾರದೆಂದು ತಿಳಿಯುವುದು ಇದೊಂದರಿಂದಲೇ.

ಒಂದು ಮೋಡದ ಲೆಕ್ಕ ಹೀಗೆ. ಹೊಳಪನ್ನು ಕೂಡಿಸಿದಾಗ 50,000 ಬಂತೆನ್ನಿ (ಕೆಲ್ವಿನ್, ಕಿ.ಮೀ./ಸೆಕೆಂಡ್, ಚದರ ಪಾರ್ಸೆಕ್ ಮೂರರ ಗುಣಲಬ್ಧ). ನಾವು ನೋಡಿದ್ದು ಮೊನಾಕ್ಸೈಡಿನ ಎರಡನೆಯ ರೇಖೆ (230.5 ಗಿಗಾಹರ್ಟ್ಸ್), ತೂಕದ ಸೂತ್ರ ಇರುವುದು 115ರ ರೇಖೆಗೆ, ಆದ್ದರಿಂದ 0.65ರಿಂದ ಭಾಗಿಸಿ, 4.35ರಿಂದ ಗುಣಿಸಬೇಕು. ಸುಮಾರು 3.3 ಲಕ್ಷ ಸೂರ್ಯರಷ್ಟು ತೂಕ. 0.65ರಿಂದ ಭಾಗಿಸಲು ಮರೆತರೆ ಮೋಡ ಮೂರನೇ ಒಂದರಷ್ಟು ತೆಳ್ಳಗಾಗುತ್ತದೆ. 4.35 ಎಂಬುದು ನಮ್ಮ ಕ್ಷೀರಪಥದ ಅಂಕಿ, ಭಾರಧಾತು (ಹೀಲಿಯಂಗಿಂತ ಭಾರವಾದ ಮೂಲವಸ್ತು) ಕಡಿಮೆಯಿರುವ ಗ್ಯಾಲಕ್ಸಿ ಅಂಚಿನಲ್ಲಿ ಅದು ಸಾಲದು. ಅಗಲಕ್ಕೆ, ಹೊಳಪಿನ ಹರವಿನಿಂದ ಬೀಮ್‌ನ ಪಾಲನ್ನು ವರ್ಗ ಮಾಡಿ ಕಳೆದು 1.91ರಿಂದ ಗುಣಿಸುವುದು ವಾಡಿಕೆ. ತ್ರಿಜ್ಯ 45 ಪಾರ್ಸೆಕ್, ವೇಗದ ಹರವು 3.5 ಕಿ.ಮೀ. ಬಂದರೆ, ಒಳಗಿನ ಕಲಕಾಟಕ್ಕೂ ಗುರುತ್ವದ ಹಿಡಿತಕ್ಕೂ ಇರುವ ಅನುಪಾತ 1.9. ಎರಡಕ್ಕಿಂತ ಕೆಳಗಿದ್ದರೆ ಮೋಡ ತನ್ನ ತೂಕದಿಂದಲೇ ಒಟ್ಟಿಗಿದೆ ಎನ್ನಬಹುದು, ಇದು ಗಡಿಯಲ್ಲಿದೆ. ತಡೆಯಿಲ್ಲದೆ ಕುಸಿದರೆ ಸುಮಾರು 87 ಲಕ್ಷ ವರ್ಷದಲ್ಲಿ ಮುದುಡುತ್ತದೆ.

ಈ ಮೋಡ ಬೆಳೆದದ್ದು ಹೇಗೆ ಎಂಬುದಕ್ಕೆ ದೊಡ್ಡ ಸಿಮ್ಯುಲೇಶನ್ ಬೇಕಿಲ್ಲ, ಒಂದು ಕಾಗದದ ತುಂಡು ಸಾಕು. ಚದರ ಪಾರ್ಸೆಕ್‌ಗೆ 10 ಸೂರ್ಯರಂತೆ ಹರಡಿರುವ ಜಲಜನಕದಿಂದ 3.3 ಲಕ್ಷ ಒಟ್ಟುಮಾಡಲು 33,000 ಚದರ ಪಾರ್ಸೆಕ್ ಗುಡಿಸಬೇಕು. ಅದು ಸುಮಾರು 100 ಪಾರ್ಸೆಕ್ ತ್ರಿಜ್ಯದ ವೃತ್ತ. ಅನಿಲ ಸೆಕೆಂಡಿಗೆ 10 ಕಿ.ಮೀ. ಹರಿದರೆ ಹತ್ತು ಲಕ್ಷ ವರ್ಷಕ್ಕೆ 10 ಪಾರ್ಸೆಕ್. ಅಂಚಿನ ಅನಿಲ ನಡುವಿಗೆ ಬರಲು ಒಂದು ಕೋಟಿ ವರ್ಷ. ಪರವಾಗಿಲ್ಲ, ನಂಬಬಹುದಾದ ಕಾಲ. ಇದನ್ನೇ 33 ಲಕ್ಷ ಸೂರ್ಯರ ಮೋಡಕ್ಕೆ ಹಾಕಿ. ವೃತ್ತ 320 ಪಾರ್ಸೆಕ್‌ಗೆ ಹಿಗ್ಗುತ್ತದೆ, ಕಾಲ ಮೂರು ಕೋಟಿ ವರ್ಷ ದಾಟುತ್ತದೆ. ಇಂಥ ಗ್ಯಾಲಕ್ಸಿಗಳಲ್ಲಿ ಮೋಡದ ಆಯಸ್ಸೇ ಒಂದರಿಂದ ಮೂರು ಕೋಟಿ ವರ್ಷ ಎಂದು ಅಳೆದಿದ್ದಾರೆ. ಅಂದಮೇಲೆ ದೊಡ್ಡ ಮೋಡಕ್ಕೆ ಸುಮ್ಮನೆ ಹರಿದು ಸೇರುವ ಅನಿಲ ಸಾಲದು. ಯಾರೋ ಮೊದಲೇ ರಾಶಿ ಹಾಕಿ ಕೊಟ್ಟಿರಬೇಕು.

ಆ ಕೆಲಸವನ್ನು ಸುರುಳಿ ತೋಳು ಮಾಡುತ್ತದೆ. ತೋಳಿನ ಗುರುತ್ವದ ಹಳ್ಳಕ್ಕೆ ಇಳಿಯುವ ಅನಿಲ ನಿಧಾನವಾಗಿ ಒತ್ತೊತ್ತಾಗುತ್ತದೆ. ತೋಳಿನೊಳಗೆ ಸುತ್ತಾಟದ ಎಳೆದಾಟವೂ ಕಡಿಮೆ, ಹಾಗಾಗಿ ಹತ್ತಿರ ಬಂದ ಮೋಡಗಳು ಬೆಸೆದುಕೊಳ್ಳಲು ಬಿಡುವು ಸಿಗುತ್ತದೆ. ಎಂ51 ಎಂಬ ಇನ್ನೊಂದು ಸುರುಳಿ ಗ್ಯಾಲಕ್ಸಿಯಲ್ಲಿ ಇದು ಕಣ್ಣಿಗೆ ಹೊಡೆಯುವಂತಿದೆ: ಒಂದು ಕೋಟಿ ಸೂರ್ಯರಷ್ಟು ತೂಗುವ ಗುಂಪುಗಳು ತೋಳಿನಲ್ಲೇ ಇವೆ, ತೋಳಿನಾಚೆ ಸಣ್ಣವಷ್ಟೆ. ತೋಳು ದಾಟಿದ ಮೇಲೆ ಎಳೆದಾಟಕ್ಕೆ ಸಿಕ್ಕಿ ದೊಡ್ಡವು ಹರಿದು ಚೂರಾಗುತ್ತವೆ. ಸಣ್ಣ ಮೋಡಗಳು ಅಲ್ಲಲ್ಲಿ ಡಿಕ್ಕಿ ಹೊಡೆದು ದೊಡ್ಡದಾಗುತ್ತವೆ ಎಂಬುದು ಹಳೆಯ ವಾದ. ತೋಳಿನ ಹೊರಗೆ ಅಷ್ಟು ಡಿಕ್ಕಿಗೆ ಹತ್ತು ಕೋಟಿ ವರ್ಷ ಬೇಕಾಗುವುದರಿಂದ ಅದೊಂದೇ ಸಾಲದು. ತೂಕ ಸೇರುವುದನ್ನು ನೇರವಾಗಿ ನೋಡಬೇಕೆಂದರೆ ದೊಡ್ಡ ಮೆಗಲನ್ ಮೋಡ ಎಂಬ ಹತ್ತಿರದ ಪುಟ್ಟ ಗ್ಯಾಲಕ್ಸಿಯೇ ಗತಿ. ಅಲ್ಲಿ ಅಣುಮೋಡಗಳ ಸುತ್ತ ಜಲಜನಕದ ಹೊದಿಕೆ ಕಂಡಿದೆ, ವರ್ಷಕ್ಕೆ ಸೂರ್ಯನ ನೂರನೇ ಐದು ಭಾಗದಷ್ಟು ಅನಿಲ ಒಳಗೆ ಸೇರುತ್ತಿದೆ ಎಂಬ ಅಂದಾಜಿದೆ. ಒಂದು ಕೋಟಿ ವರ್ಷಕ್ಕೆ ಐದು ಲಕ್ಷ ಸೂರ್ಯರು. ಕಾಗದದ ಲೆಕ್ಕವೂ ಇದರಿಂದ ಬಹಳ ದೂರವಿಲ್ಲ.

ಮೋಡದ ವಯಸ್ಸು ತಿಳಿಯಲು ಕೊನೆಯದಾಗಿ ಎಚ್-ಆಲ್ಫಾ ನಕ್ಷೆ ಬೇಕು, ಅಂದರೆ ಹೊಸ ನಕ್ಷತ್ರಗಳು ಕಾಯಿಸಿದ ಅನಿಲದ ಕೆಂಪು ಬೆಳಕು. ಮೇಲಿಟ್ಟು ನೋಡಿದಾಗ ಎರಡೂ ನಕ್ಷೆ ಒಂದರ ಮೇಲೊಂದು ಕೂರದಿದ್ದರೆ ಜೋಡಣೆ ತಪ್ಪಿತೆಂದು ತಲೆ ಕೆಡಿಸಿಕೊಳ್ಳಬೇಡಿ. ನೂರು ಪಾರ್ಸೆಕ್‌ಗಿಂತ ಚುರುಕಾಗಿ ನೋಡಿದರೆ ಅವು ಕೂರುವುದೇ ಇಲ್ಲ. ನಕ್ಷತ್ರ ಹೊತ್ತಿಕೊಂಡ ಮೇಲೆ ಹತ್ತರಿಂದ ಐವತ್ತು ಲಕ್ಷ ವರ್ಷದೊಳಗೆ ಮೋಡ ಚದುರಿಹೋಗುತ್ತದೆ, ಜೊತೆಗಿರುವ ಕಾಲ ಅಷ್ಟು ಕಡಿಮೆ. ಒಟ್ಟು ಅನಿಲದಲ್ಲಿ ನಕ್ಷತ್ರವಾಗುವುದು ನೂರರಲ್ಲಿ ನಾಲ್ಕರಿಂದ ಹತ್ತು ಭಾಗ, ಉಳಿದದ್ದೆಲ್ಲ ಮರಳಿ ತೆಳು ಅನಿಲ. ಜೋಡಣೆ ಸರಿಯಿದೆಯೇ ಎಂದು ಪರೀಕ್ಷಿಸಲು ಮುನ್ನೆಲೆಯ ನಕ್ಷತ್ರಗಳ ಸ್ಥಾನ ನೋಡಿ, ಮೋಡಗಳನ್ನಲ್ಲ.

ಖರ್ಚು ಎಂದರೆ ಮುಖ್ಯವಾಗಿ ಸಮಯ. ದತ್ತಾಂಶಕ್ಕೆ ದುಡ್ಡಿಲ್ಲ, ಕಾಸಾ, ಪೈಥಾನ್‌ನ ಸ್ಪೆಕ್ಟ್ರಲ್-ಕ್ಯೂಬ್, ಆಸ್ಟ್ರೋಡೆಂಡ್ರೋ ಎಂಬ ತಂತ್ರಾಂಶಗಳೆಲ್ಲ ಬಿಟ್ಟಿ. ಕ್ಯೂಬನ್ನು ಪೂರ್ತಿ ಮೆಮೊರಿಗೆ ತುಂಬಿಸುವ ಹಂತಕ್ಕೆ 16 ಜಿಬಿ ಇರುವ ಯಂತ್ರ ತಿಣುಕುತ್ತದೆ, 32 ಇದ್ದರೆ ನೆಮ್ಮದಿ. ಅದಿಲ್ಲದಿದ್ದರೆ ಗ್ಯಾಲಕ್ಸಿಯನ್ನು ನಾಲ್ಕು ತುಂಡು ಮಾಡಿ, ತುಂಡುಗಳು ಕನಿಷ್ಠ ಹತ್ತು ಬೀಮ್‌ನಷ್ಟು ಒಂದರ ಮೇಲೊಂದು ಬರುವಂತಿರಲಿ. ಅಂಚಿನಲ್ಲಿ ಎರಡು ಸಲ ಎಣಿಕೆಯಾದ ಮೋಡಗಳನ್ನು ಆಮೇಲೆ ಕೈಯಾರೆ ತೆಗೆಯಬೇಕಾಗುತ್ತದೆ.

ಎಂ74ರ ತೋಳುಗಳ ನಡುವೆ ಸುಮಾರು ಸಾವಿರ ಪಾರ್ಸೆಕ್ ಅಗಲದ ಒಂದು ಗುಳ್ಳೆಯಿದೆ. ಜೇಮ್ಸ್ ವೆಬ್ ದೂರದರ್ಶಕ ತೆಗೆದ ಚಿತ್ರದಲ್ಲಿ ಚೆನ್ನಾಗಿ ಕಾಣುತ್ತದೆ. ಸತ್ತ ನಕ್ಷತ್ರಗಳು ತಳ್ಳಿದ ಅನಿಲ ಅದರ ಗೋಡೆಯಲ್ಲಿ ರಾಶಿ ಬಿದ್ದಿದೆ, ಅಲ್ಲಿ ಮೋಡಗಳೂ ಇವೆ. ಆದರೆ ಅವು ಅಲ್ಲೇ ಹುಟ್ಟಿದವೋ, ಮೊದಲೇ ಇದ್ದು ಗೋಡೆಗೆ ಒತ್ತರಿಸಲ್ಪಟ್ಟವೋ ಎಂದು 53 ಪಾರ್ಸೆಕ್‌ನ ಚುಕ್ಕೆಯಲ್ಲಿ ತೀರ್ಮಾನಿಸಲಾಗುವುದಿಲ್ಲ. ಹಲವೆಡೆ ಕತ್ತರಿಸುವ ಪ್ರೋಗ್ರಾಮು ಗೋಡೆಯನ್ನೇ ಉದ್ದನೆಯ ಒಂದು ಮೋಡ ಎಂದುಕೊಂಡಿತ್ತು. ಉದ್ದ ಅಗಲದ ಮೂರು ಪಟ್ಟು ಮೀರಿದ ಸಾಲುಗಳನ್ನೆಲ್ಲ ಬೇರೆ ಮಾಡಿ, ಅವುಗಳ ತೂಕ ಉಳಿಸಿಕೊಂಡು, ತ್ರಿಜ್ಯದ ಕಾಲಂ ಖಾಲಿ ಬಿಟ್ಟಿದ್ದೇವೆ.